ಮತ್ತೆ ಮಾಡಿ ತೋರಿಸಿ: ನ್ಯಾನೊ ಲ್ಯಾಬ್‌ಗಳಿಂದ ಮುಂದಾಳುಗಳು ಬರುವುದು ಹೇಗೆ?

1993ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಒಂದು ಸಂಶೋಧನಾ ಪೇಪರ್ ಹೊರಬಂತು. ಬರೆದವರು ಮೂವರು: ಕ್ರಿಸ್ಟೋಫರ್ ಮರ್ರೆ, ಡೇವಿಡ್ ನಾರಿಸ್, ಮೌಂಗಿ ಬವೆಂಡಿ. ಮೊದಲ ಇಬ್ಬರು ಆಗಿನ್ನೂ ಪಿಎಚ್‌ಡಿ ವಿದ್ಯಾರ್ಥಿಗಳು. ಮೂರನೆಯವರು ಅವರ ಗೈಡ್. ಪೇಪರ್‌ನ ತಿರುಳು ಒಂದು ರೆಸಿಪಿ, ಅಷ್ಟೇ. ಒಂದು ದ್ರವವನ್ನು ಸುಮಾರು 300 ಡಿಗ್ರಿಗೆ ಕಾಯಿಸಬೇಕು. ಕ್ಯಾಡ್ಮಿಯಂ, ಸೆಲೆನಿಯಂ ಇರುವ ತಣ್ಣನೆಯ ದ್ರಾವಣವನ್ನು ಸಿರಿಂಜಿನಿಂದ ಒಂದೇ ಏಟಿಗೆ ಅದರೊಳಗೆ ಬಿಡಬೇಕು. ಕಣಗಳೆಲ್ಲ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ. ಕೂಡಲೇ ಬಿಸಿ ಇಳಿಯುತ್ತದೆ, ಹೊಸ ಕಣ ಹುಟ್ಟುವುದು ನಿಲ್ಲುತ್ತದೆ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಬೆಳೆಯುತ್ತವೆ. ಹಾಗಾಗಿ ಎಲ್ಲದರ ಗಾತ್ರವೂ ಹೆಚ್ಚು ಕಡಿಮೆ ಒಂದೇ.

ಗಾತ್ರ ಒಂದೇ ಇರಲಿ ಅನ್ನುವ ಹಟ ಯಾಕೆ ಗೊತ್ತಾ? ಈ ಕಣಗಳ ಹೆಸರು ಕ್ವಾಂಟಮ್ ಡಾಟ್. ಇವುಗಳಲ್ಲಿ ಬಣ್ಣ ತೀರ್ಮಾನವಾಗುವುದು ಗಾತ್ರದಿಂದ. ಸುಮಾರು 2 ನ್ಯಾನೊಮೀಟರ್ ಇದ್ದರೆ ನೀಲಿ ಬೆಳಕು, 6ರ ಆಸುಪಾಸು ಇದ್ದರೆ ಕೆಂಪು. ವಸ್ತು ಮಾತ್ರ ಅದೇ. ಗಾತ್ರ ಚೂರು ಆಚೀಚೆ ಆದರೆ ಬಣ್ಣಗಳು ಕಲಸಿ ಮಂಕಾಗುತ್ತವೆ. ಅಂದಹಾಗೆ ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ ಇದರ 80 ಸಾವಿರದಿಂದ ಒಂದು ಲಕ್ಷ ಪಟ್ಟು.

2023ರಲ್ಲಿ ಕ್ವಾಂಟಮ್ ಡಾಟ್‌ಗಳಿಗಾಗಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಲೆಕ್ಸಿ ಎಕಿಮೋವ್ ಗಾಜಿನೊಳಗೆ, ಲೂಯಿಸ್ ಬ್ರೂಸ್ ದ್ರಾವಣದೊಳಗೆ ಈ ಕಣಗಳ ಗುಣವನ್ನು 1980ರ ದಶಕದ ಆರಂಭದಲ್ಲೇ ಕಂಡಿದ್ದರು. ಬವೆಂಡಿ ಪಾಲಿಗೆ ಬಂದದ್ದು ಬೇರೆ ಕಾರಣಕ್ಕೆ. ಇವುಗಳನ್ನು ಚೆನ್ನಾಗಿ, ಬೇಕೆಂದಾಗಲೆಲ್ಲ, ಬೇರೆಯವರೂ ಮಾಡಬಹುದಾದ ದಾರಿಯನ್ನು ತೋರಿಸಿದ್ದಕ್ಕೆ.

ನ್ಯಾನೊ ಸಂಶೋಧಕರ ತರಬೇತಿಯ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಇದೇ ಕಥೆ. ಈಗ ಎಷ್ಟೋ ದೇಶಗಳಲ್ಲಿ ‘ನ್ಯಾನೊ ತಂತ್ರಜ್ಞಾನದ ನಾಳಿನ ನಾಯಕರನ್ನು ತಯಾರು ಮಾಡುತ್ತೇವೆ’ ಎನ್ನುವ ಪಿಎಚ್‌ಡಿ ಕಾರ್ಯಕ್ರಮಗಳಿವೆ. ಮಾತು ದೊಡ್ಡದು. ಆದರೆ ಈ ಕ್ಷೇತ್ರದಲ್ಲಿ ನಾಯಕ ಅಂದರೆ ಯಾರು? ವೇದಿಕೆ ಮೇಲೆ ಚೆನ್ನಾಗಿ ಮಾತಾಡುವವರಾ? ಜಾಸ್ತಿ ಪೇಪರ್ ಬರೆದವರಾ? ಕಂಪನಿ ಕಟ್ಟಿದವರಾ? ನನ್ನ ಲೆಕ್ಕದಲ್ಲಿ ಇವೆಲ್ಲ ಆಮೇಲಿನ ಮಾತು. ಒಂದು ಸಲ ಆದದ್ದನ್ನು ನೂರು ಸಲ ಆಗುವ ಹಾಗೆ ಮಾಡುವವರು, ತನ್ನ ಕೈಯಲ್ಲಿ ಮಾತ್ರ ಆಗುತ್ತಿದ್ದದ್ದನ್ನು ಇನ್ನೊಬ್ಬರ ಕೈಯಲ್ಲೂ ಆಗುವ ಹಾಗೆ ಮಾಡುವವರು ಇಲ್ಲಿ ಮುಂದೆ ನಡೆಯುತ್ತಾರೆ. ಇದನ್ನು ಪಿಎಚ್‌ಡಿ ಕಲಿಸುತ್ತಾ? ಬಹಳಷ್ಟು ಕಡೆ ಕಲಿಸುವುದಿಲ್ಲ. ಥೀಸಿಸ್‌ಗೆ ಒಂದು ಒಳ್ಳೆಯ ಸ್ಯಾಂಪಲ್, ಒಂದು ಒಳ್ಳೆಯ ಗ್ರಾಫ್ ಸಿಕ್ಕಿದರೆ ಸಾಕು.

ಎಂಐಟಿಯ ರೆಸಿಪಿಗೇ ವಾಪಸ್ ಬರೋಣ. ಅದರಲ್ಲಿ ಬಳಸುತ್ತಿದ್ದ ದ್ರವದ ಚಿಕ್ಕ ಹೆಸರು ಟಿಒಪಿಒ. ಲ್ಯಾಬ್‌ಗಳು ಸಾಮಾನ್ಯವಾಗಿ ತರಿಸುತ್ತಿದ್ದದ್ದು ಶೇ 90ರಷ್ಟು ಶುದ್ಧವಾದ ಸರಕು. ಒಂದು ಬಾಟಲಿಯಲ್ಲಿ ಕಣ ಅದ್ಭುತವಾಗಿ ಬಂದರೆ ಇನ್ನೊಂದರಲ್ಲಿ ಕೈಕೊಡುತ್ತಿತ್ತು. ಹಾಗಾದರೆ ಪೂರ್ತಿ ಶುದ್ಧವಾದದ್ದನ್ನೇ ತಂದರಾಯಿತಲ್ಲ ಅನ್ನಿಸುತ್ತದೆ, ಅಲ್ವಾ? ಅದನ್ನೂ ನೋಡಿದರು. ಫಲಿತಾಂಶ ಇನ್ನೂ ಕೆಟ್ಟಿತು! ಕಡೆಗೆ ಗೊತ್ತಾದದ್ದೇನೆಂದರೆ, ನಿಜವಾದ ಕೆಲಸ ಮಾಡುತ್ತಿದ್ದದ್ದು ಆ ಕಲಬೆರಕೆಯಲ್ಲಿದ್ದ ರಂಜಕದ ಆಮ್ಲಗಳು. ಅವು ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟುಕೊಂಡು ಬೆಳವಣಿಗೆಯನ್ನು ಹದಕ್ಕೆ ತರುತ್ತಿದ್ದವು. ಇದು ಬಿಡಿಸಿಕೊಂಡ ಮೇಲೆ ಶುದ್ಧ ದ್ರವಕ್ಕೆ ಬೇಕಾದ ಆಮ್ಲವನ್ನು ಅಳತೆ ಮಾಡಿ ಹಾಕುವುದು ಶುರುವಾಯಿತು. ಈ ಒಗಟು ಪೂರ್ತಿ ಬಿಡಿಸಲು ಒಂದೂವರೆ ದಶಕದ ಹತ್ತಿರ ಹಿಡಿಯಿತು.

ಇಂಥ ಕೆಲಸಕ್ಕೆ ದೊಡ್ಡ ಹೆಸರು ಬರುವುದಿಲ್ಲ. ‘ನಿಮ್ಮ ಬಾಟಲಿಯಲ್ಲಿ ಕೊಳೆ ಇತ್ತು’ ಅನ್ನುವ ಪೇಪರ್ ಯಾರ ಮನಸ್ಸನ್ನೂ ಕುಣಿಸುವುದಿಲ್ಲ. ಆದರೂ ಕಾರ್ಖಾನೆಗೆ ಬೇಕಾದದ್ದು ಅದೇ ಪೇಪರ್.

ನ್ಯಾನೊ ಮಟ್ಟದಲ್ಲಿ ಇಂಥ ಕಾಟ ಜಾಸ್ತಿ ಇರುವುದಕ್ಕೆ ಕಾರಣವಿದೆ. ಒಂದು ಸೆಂಟಿಮೀಟರ್ ಘನವನ್ನು ತೆಗೆದುಕೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದಿರಿ ಅಂದುಕೊಳ್ಳಿ. ಆಗ ಒಟ್ಟು ಹೊರಮೈ 6,000 ಚದರ ಮೀಟರ್, ಒಂದು ಫುಟ್‌ಬಾಲ್ ಮೈದಾನಕ್ಕೆ ಸ್ವಲ್ಪ ಕಡಿಮೆ. ಅಂದರೆ ಇಲ್ಲಿ ವಸ್ತುವಿನ ಒಳಗಿಗಿಂತ ಮೇಲ್ಮೈಯೇ ಮುಖ್ಯ. ಮೇಲ್ಮೈಗೆ ಏನು ಅಂಟಿತು, ನೀರಿನಲ್ಲಿ ಏನಿತ್ತು, ಗಾಳಿಯ ತೇವ ಎಷ್ಟಿತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಒಬ್ಬ ವಿದ್ಯಾರ್ಥಿಯ ಕೈಗೆ ಆ ಹದ ಸಿಕ್ಕಿರುತ್ತದೆ. ಅವರು ಲ್ಯಾಬ್ ಬಿಟ್ಟು ಹೋಗುತ್ತಾರೆ. ಜೂನಿಯರ್ ಅದೇ ನೋಟ್‌ಬುಕ್ ಇಟ್ಟುಕೊಂಡು ಆರು ತಿಂಗಳು ಒದ್ದಾಡುತ್ತಾರೆ.

ಎರಡನೆಯ ಕಷ್ಟ ಪಾತ್ರೆಯದು. 50 ಮಿಲಿಲೀಟರ್ ಫ್ಲಾಸ್ಕ್‌ನಲ್ಲಿ ಸಿರಿಂಜ್ ಒತ್ತಿದರೆ ಕ್ಷಣದಲ್ಲಿ ಎಲ್ಲ ಬೆರೆಯುತ್ತದೆ. 500 ಲೀಟರ್ ಪಾತ್ರೆಯಲ್ಲಿ? ಒಂದು ಮೂಲೆ ಬಿಸಿ, ಇನ್ನೊಂದು ತಣ್ಣಗೆ. ಬೆರೆಯುವಷ್ಟರಲ್ಲಿ ಅರ್ಧ ಕಣಗಳು ಹುಟ್ಟಿ ದೊಡ್ಡವಾಗಿರುತ್ತವೆ. ರಸಾಯನಶಾಸ್ತ್ರ ಅದೇ ಇದ್ದರೂ ಶಾಖ ಮತ್ತು ಬೆರಕೆಯ ಲೆಕ್ಕ ಪೂರ್ತಿ ಬೇರೆ. ರಾಸಾಯನಿಕ ಎಂಜಿನಿಯರ್‌ಗಳಿಗೆ ಇದು ದಿನನಿತ್ಯದ ಪಾಠ. ಆದರೆ ಕಣ ಮಾಡಿದ ವಿದ್ಯಾರ್ಥಿ ಆ ತರಗತಿಯ ಬಾಗಿಲು ಕೂಡ ನೋಡಿರುವುದಿಲ್ಲ.

ಇದಕ್ಕೆ ಒಂದು ಚೆಂದದ ಉತ್ತರ ಕೋವಿಡ್ ಕಾಲದಲ್ಲಿ ಕಂಡಿತು. ಎಂಆರ್‌ಎನ್‌ಎ ಲಸಿಕೆಯಲ್ಲಿ ಎಂಆರ್‌ಎನ್‌ಎ ಎನ್ನುವ ನಾಜೂಕಾದ ಎಳೆಯನ್ನು ಕೊಬ್ಬಿನ ನ್ಯಾನೊಕಣದೊಳಗೆ ಸುತ್ತಿಡುತ್ತಾರೆ. ಕಣದ ಗಾತ್ರ ಸುಮಾರು 100 ನ್ಯಾನೊಮೀಟರ್. ಎರಡು ದ್ರವಗಳು ಜೋರಾಗಿ ಡಿಕ್ಕಿ ಹೊಡೆದು ಬೆರೆತಾಗ ಕಣ ತಾನಾಗಿ ಕೂಡಿಕೊಳ್ಳುತ್ತದೆ. ಕೋಟಿಗಟ್ಟಲೆ ಡೋಸ್ ಬೇಕಾದಾಗ ಮಿಕ್ಸರನ್ನು ದೊಡ್ಡದು ಮಾಡಲು ಹೋಗಲಿಲ್ಲ. ನಾಣ್ಯದಷ್ಟು ಪುಟ್ಟ ಮಿಕ್ಸರ್‌ಗಳನ್ನೇ ಸಾಲಾಗಿ ಜೋಡಿಸಿ ಓಡಿಸಿದರು. ಯೋಚನೆ ಸರಳ. ಆದರೆ ಅದು ಹೊಳೆಯಬೇಕಾದರೆ ಜೀವಶಾಸ್ತ್ರ ಬಲ್ಲವರು, ಕೊಬ್ಬಿನ ರಸಾಯನಶಾಸ್ತ್ರ ಬಲ್ಲವರು, ಪಂಪು ಪೈಪು ಬಲ್ಲವರು ಒಂದೇ ಮೇಜಿನ ಸುತ್ತ ಕೂತು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಬೇಕು. ಇದರ ಹಿಂದೆ ಹಲವು ದಶಕಗಳ ದುಡಿಮೆಯೂ ಇತ್ತು. ಇದೇ ಬಗೆಯ ಕಣದಲ್ಲಿ ಆರ್‌ಎನ್‌ಎ ಹೊತ್ತ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಲಸಿಕೆ ಬಂದದ್ದು ಅದಾದ ಎರಡೇ ವರ್ಷಕ್ಕೆ.

ಸರಿ, ತರಬೇತಿ ಕೊಡುವವರು ಏನು ಮಾಡುತ್ತಿದ್ದಾರೆ?

ಬ್ರಿಟನ್ 2009ರ ಸುಮಾರಿಗೆ ಪಿಎಚ್‌ಡಿಯ ಹಳೆಯ ಪದ್ಧತಿಯನ್ನೇ ಬದಲಿಸಲು ಕೈ ಹಾಕಿತು. ಒಬ್ಬ ಗೈಡ್, ಒಬ್ಬ ಶಿಷ್ಯ ಎನ್ನುವ ಬದಲು ಒಂದು ಬ್ಯಾಚ್‌ನಷ್ಟು ವಿದ್ಯಾರ್ಥಿಗಳನ್ನು ಒಟ್ಟಿಗೆ ಸೇರಿಸಿಕೊಳ್ಳುವ ಡಾಕ್ಟೋರಲ್ ತರಬೇತಿ ಕೇಂದ್ರಗಳು ಬಂದವು. ಕೇಂಬ್ರಿಡ್ಜ್‌ನ ನ್ಯಾನೊ ಕೇಂದ್ರ ಅವುಗಳಲ್ಲಿ ಒಂದು. ಅಲ್ಲಿ ಸೇರಿದ ಕೂಡಲೇ ಥೀಸಿಸ್ ವಿಷಯಕ್ಕೆ ಕಟ್ಟಿಹಾಕುವುದಿಲ್ಲ. ಮೊದಲ ವರ್ಷ ಪಾಠ, ಪ್ರಾಕ್ಟಿಕಲ್, ಬೇರೆ ಬೇರೆ ಲ್ಯಾಬ್‌ಗಳಲ್ಲಿ ಸಣ್ಣ ಪ್ರಾಜೆಕ್ಟ್. ಆಮೇಲೆ ಮೂರು ವರ್ಷ ಪಿಎಚ್‌ಡಿ. ಭೌತಶಾಸ್ತ್ರದವರು ಕೋಶ ಬೆಳೆಸುವುದನ್ನು ನೋಡುತ್ತಾರೆ, ರಸಾಯನಶಾಸ್ತ್ರದವರು ಧೂಳು ಸುಳಿಯದ ಕ್ಲೀನ್ ರೂಮ್ ಹೊಕ್ಕುತ್ತಾರೆ. 2024ರಲ್ಲಿ ಅಲ್ಲಿನ ಸರ್ಕಾರ ಎಲ್ಲ ವಿಷಯಗಳೂ ಸೇರಿ ಇಂಥ 65 ಕೇಂದ್ರಗಳಿಗೆ, ವಿಶ್ವವಿದ್ಯಾಲಯ ಮತ್ತು ಕಂಪನಿಗಳ ಪಾಲೂ ಸೇರಿದಂತೆ, 100 ಕೋಟಿ ಪೌಂಡ್‌ಗೂ ಹೆಚ್ಚಿನ ಹಣ ಘೋಷಿಸಿತು.

ನನಗೆ ಇದರಲ್ಲಿ ಹಿಡಿಸುವುದು ಪಾಠಕ್ಕಿಂತ ಆ ಬ್ಯಾಚ್. ಪಿಎಚ್‌ಡಿ ಒಂಟಿತನದ ಕೆಲಸ. ಮೂರನೆಯ ವರ್ಷ ಏನೂ ಆಗದೆ ಕೂತಾಗ ಪಕ್ಕದ ಕಟ್ಟಡದಲ್ಲಿ ಇನ್ನೊಂದು ವಿಷಯದ ಗೆಳೆಯರೊಬ್ಬರು ಇದ್ದರೆ ಎಷ್ಟೋ ಗಂಟುಗಳು ಚಹಾ ಹೊತ್ತಿನಲ್ಲೇ ಬಿಚ್ಚಿಕೊಳ್ಳುತ್ತವೆ. ಅದು ಯಾವ ಪಠ್ಯಕ್ರಮದಲ್ಲೂ ಇರುವುದಿಲ್ಲ.

ಇನ್ನೊಂದು ದಾರಿ ಕಂಪನಿಗಳ ಮೂಲಕ. ಫ್ರಾನ್ಸ್‌ನಲ್ಲಿ ಸಿಫ್ರ್ ಎನ್ನುವ ಪದ್ಧತಿ 1981ರಿಂದಲೂ ಇದೆ. ಕಂಪನಿ ವಿದ್ಯಾರ್ಥಿಯನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತದೆ, ಸರ್ಕಾರ ಅದಕ್ಕೆ ನೆರವು ಕೊಡುತ್ತದೆ, ಪಿಎಚ್‌ಡಿ ಮಾತ್ರ ವಿಶ್ವವಿದ್ಯಾಲಯದ್ದು. ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಯೋಜನೆಯ ಇಂಡಸ್ಟ್ರಿಯಲ್ ಡಾಕ್ಟರೇಟ್‌ಗಳಲ್ಲಿ ಕನಿಷ್ಠ ಅರ್ಧ ಕಾಲವನ್ನು ವಿಶ್ವವಿದ್ಯಾಲಯದ ಹೊರಗೆ ಕಳೆಯಲೇಬೇಕು. ಇದರಿಂದ ವಿದ್ಯಾರ್ಥಿಗೆ ‘ಇಳುವರಿ’ ಅನ್ನುವ ಪದದ ಬಿಸಿ ತಟ್ಟುತ್ತದೆ. ಲ್ಯಾಬ್‌ನಲ್ಲಿ ಹತ್ತರಲ್ಲಿ ಒಂದು ಸಾಧನ ಓಡಿದರೆ ಪೇಪರ್. ಫ್ಯಾಕ್ಟರಿಯಲ್ಲಿ ಹತ್ತರಲ್ಲಿ ಒಂದು ಕೆಟ್ಟರೂ ಸಭೆ ಕರೆಯುತ್ತಾರೆ.

ಆದರೆ ಕಂಪನಿ ದಾರಿಯಲ್ಲಿ ಬೆಲೆಯೂ ಇದೆ. ಗುಟ್ಟು ಕಾಪಾಡಬೇಕು. ಪೇಟೆಂಟ್ ಅರ್ಜಿ ಹೋಗುವವರೆಗೆ ಬಾಯಿ ಬಿಡುವ ಹಾಗಿಲ್ಲ. ಸಮ್ಮೇಳನದಲ್ಲಿ ಗೆಳೆಯರು ತಮ್ಮ ಕೆಲಸ ಹೇಳಿಕೊಳ್ಳುವಾಗ ಇವರು ಸುಮ್ನೆ ಕೂತಿರಬೇಕು. ಕಂಪನಿ ನಡುವೆ ದಿಕ್ಕು ಬದಲಿಸಿದರೆ ಥೀಸಿಸ್ ಅರ್ಧಕ್ಕೆ ನಿಲ್ಲುತ್ತದೆ. ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಿದ್ಯಾರ್ಥಿಯ ಪರವಾಗಿ ಓದಿ ನೋಡುವವರು ಯಾರಾದರೂ ಇರಬೇಕು. ಹೆಚ್ಚಿನ ಸಲ ಇರುವುದಿಲ್ಲ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಶುರು ಮಾಡಿದ ಐ-ಕಾರ್ಪ್ಸ್ ಇನ್ನೂ ಬೇರೆ ತರಹ. ಒಬ್ಬ ಪ್ರೊಫೆಸರ್, ಒಬ್ಬ ಉದ್ಯಮದ ಹಿರಿಯರು, ಇವರ ನಡುವೆ ಮುಂದಾಳಾಗಿ ಬಹಳ ಸಲ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿ ದುಡಿಯುವ ಸಂಶೋಧಕ). ಏಳು ವಾರಗಳಲ್ಲಿ ತಂಡ ಸುಮಾರು 100 ಜನರನ್ನು ಮಾತಾಡಿಸಬೇಕು. ‘ನಮ್ಮ ವಸ್ತು ಕೊಳ್ಳುತ್ತೀರಾ’ ಅಂತ ಕೇಳುವ ಹಾಗಿಲ್ಲ. ‘ನಿಮ್ಮ ಕೆಲಸದಲ್ಲಿ ತಲೆನೋವು ಯಾವುದು’ ಅಂತ ಕೇಳಬೇಕು. ನಾಲ್ಕು ವರ್ಷ ಮುದ್ದಿನಿಂದ ಬೆಳೆಸಿದ ನ್ಯಾನೊ ಲೇಪನವನ್ನು ಯಾರೂ ಕೇಳುತ್ತಿಲ್ಲ ಅಂತ ಹನ್ನೆರಡನೆಯ ಸಂದರ್ಶನದಲ್ಲೇ ಗೊತ್ತಾದರೆ ಎದೆ ಒಡೆಯುತ್ತದೆ. ಆದರೆ ಅದು ಹತ್ತು ವರ್ಷದ ನಂತರ ಗೊತ್ತಾಗುವುದಕ್ಕಿಂತ ವಾಸಿ. ಇಡೀ ಪಿಎಚ್‌ಡಿಯಲ್ಲಿ ಲ್ಯಾಬ್ ಆಚೆಗಿನ ನಾಲ್ಕು ಜನರ ಜೊತೆ ಕೂಡ ಮಾತಾಡದವರು ಎಷ್ಟೋ ಮಂದಿ ಇದ್ದಾರೆ.

ಇವುಗಳ ಪಕ್ಕದಲ್ಲಿ ಎರಡು ದಿನದ ‘ಲೀಡರ್‌ಶಿಪ್ ವರ್ಕ್‌ಶಾಪ್’ ಇಟ್ಟು ನೋಡಿ. ಬಣ್ಣದ ಚೀಟಿ, ಗುಂಪು ಆಟ, ಕಡೆಗೆ ಸರ್ಟಿಫಿಕೇಟ್. ನನಗಂತೂ ಅದರಲ್ಲಿ ನಂಬಿಕೆ ಇಲ್ಲ. ತೀರ್ಮಾನ ತೆಗೆದುಕೊಂಡು, ಅದು ತಪ್ಪಾಗಿ, ಮತ್ತೆ ಸರಿಮಾಡಿಕೊಂಡವರಿಗೆ ಮಾತ್ರ ಆ ಗುಣ ಕೈಗೆ ಹತ್ತುತ್ತದೆ. ವಿದ್ಯಾರ್ಥಿಗೆ ತೀರ್ಮಾನ ತೆಗೆದುಕೊಳ್ಳುವ ಜಾಗವನ್ನೇ ಕೊಡದೆ ವರ್ಕ್‌ಶಾಪ್ ಕೊಟ್ಟರೆ ಏನು ಪ್ರಯೋಜನ?

ಆ ಜಾಗ ಹೇಗಿರುತ್ತದೆ ಅನ್ನುವುದಕ್ಕೆ ಮ್ಯಾಂಚೆಸ್ಟರ್ ಒಳ್ಳೆಯ ಉದಾಹರಣೆ. ಅಲ್ಲಿನ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಆಂದ್ರೆ ಗೈಮ್ ಅವರ ಲ್ಯಾಬ್‌ನಲ್ಲಿ ಮುಖ್ಯ ಕೆಲಸಕ್ಕೆ ಸಂಬಂಧವೇ ಇಲ್ಲದ ಪ್ರಯೋಗಗಳಿಗೆ ಸ್ವಲ್ಪ ಹೊತ್ತು ಮೀಸಲಿತ್ತು. ಶುಕ್ರವಾರ ಸಂಜೆಯ ಪ್ರಯೋಗಗಳು ಅಂತ ಅವಕ್ಕೆ ಹೆಸರು. ಗ್ರ್ಯಾಫೈಟ್ ತುಂಡನ್ನು ಎಷ್ಟು ತೆಳ್ಳಗೆ ಮಾಡಬಹುದು ನೋಡು ಅಂತ ಮೊದಲು ಹೊಸ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರಿಗೆ ಹೇಳಿದರು. ಅವರು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ತಂದರು. ಅದಿನ್ನೂ ದಪ್ಪವೇ ಇತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು, ಗ್ರ್ಯಾಫೈಟ್ ಮೇಲ್ಮೈ ಶುಚಿ ಮಾಡಿ ಕಸದ ಬುಟ್ಟಿಗೆ ಎಸೆಯುತ್ತಿದ್ದ ಅಂಟುಪಟ್ಟಿ. ಅದಕ್ಕೆ ಅಂಟಿದ್ದ ಪದರಗಳು ಉಜ್ಜಿದ್ದಕ್ಕಿಂತ ಎಷ್ಟೋ ತೆಳ್ಳಗಿದ್ದವು. ಅಲ್ಲಿಂದ ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆ, ಅಂದರೆ ಗ್ರಾಫೀನ್‌ವರೆಗೆ ಬಂದರು. 2004ರಲ್ಲಿ ಪೇಪರ್, 2010ರಲ್ಲಿ ನೊಬೆಲ್. ಜೊತೆಗೆ ಬಹುಮಾನ ಪಡೆದ ಕಾನ್‌ಸ್ಟಾಂಟಿನ್ ನೊವೊಸೆಲೊವ್ ತಮ್ಮ ಪಿಎಚ್‌ಡಿ ಪದವಿ ಪಡೆದದ್ದು ಅದೇ 2004ರಲ್ಲಿ. ಬಹುಮಾನ ಬಂದಾಗ ಅವರಿಗೆ 36 ವರ್ಷ.

ಹಾಗಂತ ಎಲ್ಲರಿಗೂ ಶುಕ್ರವಾರ ಸಂಜೆ ರಜೆ ಕೊಟ್ಟರೆ ನೊಬೆಲ್ ಬರುತ್ತೆ ಅಂತಲ್ಲ. ಆದರೆ ನಾಲ್ಕು ವರ್ಷದ ಪ್ರತಿ ತಿಂಗಳಿಗೂ ಮೊದಲೇ ಗುರಿ ಬರೆದಿಟ್ಟ ಯೋಜನೆಯಲ್ಲಿ ಕಸದ ಬುಟ್ಟಿ ನೋಡುವವರು ಯಾರು?

ಈಗ ಕಹಿ ಭಾಗ. ಯಾನ್ ಹೆಂಡ್ರಿಕ್ ಶೋನ್ ಜರ್ಮನಿಯವರು. ಅಮೆರಿಕದ ಹೆಸರಾಂತ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ. ಒಂದು ಅಣುವಿನಷ್ಟು ತೆಳ್ಳಗಿನ ಪದರದಿಂದ ಟ್ರಾನ್ಸಿಸ್ಟರ್ ಮಾಡಿದೆ ಅಂದರು. ಪ್ರಪಂಚವೇ ತಿರುಗಿ ನೋಡಿತು. ಬೇರೆ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು ಅದನ್ನೇ ಮಾಡಲು ಹೋಗಿ ಸೋತು, ತಮ್ಮ ಕೈಯೇ ಸರಿಯಿಲ್ಲವೇನೋ ಅಂದುಕೊಂಡರು. ಕಡೆಗೆ ಸಿಕ್ಕಿಬಿದ್ದದ್ದು ಹೇಗೆ? ಬೇರೆ ಬೇರೆ ಪ್ರಯೋಗದ ಎರಡು ಗ್ರಾಫ್‌ಗಳಲ್ಲಿ, ಪ್ರತಿ ಅಳತೆಯಲ್ಲೂ ಬೇರೆಯಾಗಬೇಕಾದ ಗದ್ದಲದ (ನಾಯ್ಸ್) ಗೆರೆಗಳು ಕೂಡ ಅಚ್ಚು ಹಾಕಿದ ಹಾಗೆ ಒಂದೇ ಇದ್ದವು! 2002ರಲ್ಲಿ ತನಿಖಾ ಸಮಿತಿ 24 ಆರೋಪಗಳಲ್ಲಿ 16ರಲ್ಲಿ ವಂಚನೆ ಕಂಡಿತು. ಸರಿಯಾದ ಲ್ಯಾಬ್ ನೋಟ್‌ಬುಕ್ ಇರಲಿಲ್ಲ. ಮೂಲ ದತ್ತಾಂಶದ ಫೈಲ್‌ಗಳನ್ನು ಅಳಿಸಲಾಗಿತ್ತು. ಸ್ಯಾಂಪಲ್‌ಗಳೂ ಉಳಿದಿರಲಿಲ್ಲ. 2004ರಲ್ಲಿ ಕೊನ್‌ಸ್ಟಾನ್ಸ್ ವಿಶ್ವವಿದ್ಯಾಲಯ ಅವರ ಪಿಎಚ್‌ಡಿಯನ್ನೇ ಹಿಂದಕ್ಕೆ ಪಡೆಯಿತು.

ನನಗೆ ಇಲ್ಲಿ ಶೋನ್‌ಗಿಂತ ಸುತ್ತಲಿನವರ ಬಗ್ಗೆ ಯೋಚನೆ. ಜೊತೆ ಲೇಖಕರು ತಪ್ಪಿತಸ್ಥರಲ್ಲ ಅಂತ ಸಮಿತಿ ಹೇಳಿತು, ನಿಜ. ಆದರೆ ಅಷ್ಟೊಂದು ದೊಡ್ಡ ಮಾತು ಕೇಳಿದಾಗ ‘ನನ್ನ ಎದುರಿಗೆ ಒಂದು ಸಲ ಅಳೆದು ತೋರಿಸು’ ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಹಾಗೆ ಕೇಳುವುದು ಅವಮಾನ ಅಂತ ಅನ್ನಿಸದ ವಾತಾವರಣ ಇರಬೇಕು. ಒಂದು ಸುಲಭದ ಕ್ರಮ ಇದೆ. ಪ್ರತಿ ಥೀಸಿಸ್‌ನ ಮುಖ್ಯ ಫಲಿತಾಂಶವನ್ನು ಅದೇ ಲ್ಯಾಬ್‌ನ ಇನ್ನೊಬ್ಬರು ನೋಟ್‌ಬುಕ್ ನೋಡಿ ಮಾಡಿ ತೋರಿಸಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಥೀಸಿಸ್‌ನಲ್ಲೇ ಬರೆಯಬೇಕು. ಆರು ತಿಂಗಳು ತಡವಾಗಬಹುದು. ಆಗಲಿ ಬಿಡಿ.

ಸುರಕ್ಷತೆ, ಕಾನೂನುಗಳನ್ನು ‘ಆಮೇಲೆ ನೋಡಿಕೊಳ್ಳೋಣ’ ಅನ್ನುವ ರೂಢಿಯೂ ದುಬಾರಿ. 2008ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಉದ್ದನೆಯ ಕಾರ್ಬನ್ ನ್ಯಾನೊಟ್ಯೂಬ್‌ಗಳು ಕಲ್ನಾರಿನ ಎಳೆಗಳ ಹಾಗೆಯೇ ಉರಿಯೂತ ತಂದವು. ಗಿಡ್ಡವು ಹಾಗೆ ಮಾಡಲಿಲ್ಲ. ಅಂದರೆ ಎಷ್ಟು ಉದ್ದ ಬೆಳೆಸಬೇಕು ಅನ್ನುವುದು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ. ಕ್ವಾಂಟಮ್ ಡಾಟ್‌ಗಳದ್ದೂ ಅದೇ ಪಾಡು. ಒಳ್ಳೆಯ ಬಣ್ಣ ಕೊಡುತ್ತಿದ್ದದ್ದು ಕ್ಯಾಡ್ಮಿಯಂ, ಆದರೆ ಅದು ವಿಷ. ಯುರೋಪಿನಲ್ಲಿ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಕ್ಯಾಡ್ಮಿಯಂಗೆ ಶೇ 0.01ರ ಮಿತಿ. ಪರದೆಗೆ ಈ ಡಾಟ್ ಬಳಸುವ ಟಿವಿ ತಯಾರಕರಲ್ಲಿ ಕೆಲವರು ವಿನಾಯಿತಿಗೆ ಕಾದರು. ಕೆಲವರು ಕ್ಯಾಡ್ಮಿಯಂ ಬಿಟ್ಟು ಇಂಡಿಯಂ ಫಾಸ್ಫೈಡ್ ಎನ್ನುವ ವಸ್ತುವಿನ ಕಡೆ ಹೊರಳಿದರು. ಎರಡನೆಯವರಿಗೆ ನೆರವಾದವರು, ಬಣ್ಣ ಕೊಂಚ ಮಂಕಾದರೂ ಕ್ಯಾಡ್ಮಿಯಂ ಇಲ್ಲದ ಕಣಗಳ ಮೇಲೆ ವರ್ಷಗಟ್ಟಲೆ ಕೂತಿದ್ದವರು.

ಇಷ್ಟೆಲ್ಲ ಕಲಿಸುವುದು ಯಾರಿಗೆ? ಬ್ರಿಟನ್‌ನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿ 2010ರಲ್ಲಿ ಅಲ್ಲಿನ ಲೆಕ್ಕ ಕೊಟ್ಟಿತ್ತು. ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದ 100 ಜನರಲ್ಲಿ 53 ಮಂದಿ ನೇರವಾಗಿ ವಿಜ್ಞಾನದ ಹೊರಗಿನ ಕೆಲಸಕ್ಕೆ ಹೋಗುತ್ತಾರೆ. ಕಡೆಗೆ ಪ್ರೊಫೆಸರ್ ಆಗುವವರು ಶೇ 0.45, ಅಂದರೆ ಸಾವಿರದಲ್ಲಿ ನಾಲ್ಕೈದು ಮಂದಿ. ಆದರೂ ಲ್ಯಾಬ್‌ಗಳ ದಿನಚರಿ ಎಲ್ಲರೂ ಪ್ರೊಫೆಸರ್ ಆಗುವವರೇ ಎಂಬಂತೆ ಇದೆ. ಅದರ ಒತ್ತಡವೂ ಕಮ್ಮಿಯಲ್ಲ. 26 ದೇಶಗಳ 2,279 ಜನರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಸಾಮಾನ್ಯ ಜನರಿಗೆ ಹೋಲಿಸಿದರೆ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಖಿನ್ನತೆ, ಆತಂಕದ ಸಾಧ್ಯತೆ ಆರು ಪಟ್ಟಿಗೂ ಜಾಸ್ತಿ ಅಂದಿತು.

ಇನ್ನು ಗೈಡ್‌ಗಳು. ವಿದ್ಯಾರ್ಥಿ ಹೇಗೆ ಆಗುತ್ತಾರೆ ಅನ್ನುವುದು ಕಾರ್ಯಕ್ರಮದ ಹೆಸರಿಗಿಂತ ಇವರ ಮೇಲೆ ನಿಂತಿದೆ. ಅವರ ಬಡ್ತಿಗೆ ಲೆಕ್ಕ ಹಾಕುವುದು ಪೇಪರ್, ಗ್ರಾಂಟ್. ವಿದ್ಯಾರ್ಥಿಯನ್ನು ಆರು ತಿಂಗಳು ಕಂಪನಿಗೆ ಕಳುಹಿಸಿದರೆ ಲ್ಯಾಬ್‌ನಲ್ಲಿ ಒಂದು ಪೇಪರ್ ಕಮ್ಮಿ. ಇದನ್ನು ಹಾಗೇ ಬಿಟ್ಟು ವಿದ್ಯಾರ್ಥಿಗಳಿಗೆ ಮಾತ್ರ ತರಬೇತಿ ಕೊಡುವುದು ಒಂದು ಕಾಲಿಗೆ ಚಪ್ಪಲಿ ಹಾಕಿ ನಡೆದ ಹಾಗೆ. ಹೆಸರಿನ ಹಂಚಿಕೆಯೂ ಹಳೆಯ ನೋವು. 1985ರಲ್ಲಿ 60 ಕಾರ್ಬನ್ ಪರಮಾಣುಗಳ ಚೆಂಡನ್ನು ಕಂಡ ಪೇಪರ್‌ಗೆ ಐವರು ಲೇಖಕರು. ಪ್ರಯೋಗದ ಯಂತ್ರ ಓಡಿಸಿದವರು ವಿದ್ಯಾರ್ಥಿಗಳು. 1996ರ ನೊಬೆಲ್ ಮೂವರು ಪ್ರೊಫೆಸರ್‌ಗಳಿಗೆ ಹೋಯಿತು. ಮೂವರಿಗಿಂತ ಹೆಚ್ಚು ಜನರಿಗೆ ಕೊಡಬಾರದು ಅನ್ನುವ ನಿಯಮವೇ ಇದೆ, ಸರಿ. ಪೇಟೆಂಟ್‌ನಲ್ಲಿ, ಕಂಪನಿ ಷೇರಿನಲ್ಲಿ ಅಂಥ ನಿಯಮವೇನೂ ಇಲ್ಲವಲ್ಲ.

ಇಂಥ ಕಾರ್ಯಕ್ರಮಕ್ಕೆ ಸೇರಬೇಕು ಅಂತಿರುವವರು ಬ್ರೋಷರ್ ಬದಿಗಿಟ್ಟು ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ. ಮೈಕ್ರೋಸ್ಕೋಪ್ ಯಾವ ಕಂಪನಿಯದ್ದು ಅಂತ ಕೇಳಬೇಡಿ. ನಿಮ್ಮ ಸೀನಿಯರ್ ಮಾಡಿದ್ದ ಸ್ಯಾಂಪಲ್, ಅವರು ಹೋದ ಮೇಲೆ ನಿಮ್ಮ ಕೈಯಲ್ಲಿ ಎಷ್ಟನೇ ಸಲಕ್ಕೆ ಬಂತು ಅಂತ ಕೇಳಿ. ಮೂರನೇ ಸಲಕ್ಕೆ ಅಂದರೆ ಆ ಲ್ಯಾಬ್‌ನ ನೋಟ್‌ಬುಕ್ ನೋಡಲು ಸಿಗುತ್ತಾ ವಿಚಾರಿಸಿ. ಬರಲೇ ಇಲ್ಲ ಅಂದರೆ, ಆಗ ಗೈಡ್ ಏನಂದರು ಅಂತಲೂ ಕೇಳಿ.